ಆಪರೇಷನ್‌ಗೆ ಮುಂಚೆ ನೀರು ನಿಲ್ಲಿಸುವ ಪದ್ಧತಿ ಬದಲಾಗಲಿ

ಮಾನ್ಯ ಸಂಪಾದಕರೇ,

ತಾಲ್ಲೂಕು ಊರುಗಳಲ್ಲಿ ವಿಜಯಪುರದಿಂದ ಬರಬೇಕಾದ ಅರಿವಳಿಕೆ ವೈದ್ಯರಿಗಾಗಿ ರೋಗಿಗಳು ಕಾಯುವುದು ತಮಗೆ ಹೊಸ ಸುದ್ದಿಯಲ್ಲ. ಹಾಗೆ ಕಾಯುವಾಗ ಅವರ ಬಾಯಿಗೆ ಹನಿ ನೀರೂ ಬೀಳುವುದಿಲ್ಲ ಎಂಬುದನ್ನು ಮಾತ್ರ ಯಾರೂ ಬರೆಯುತ್ತಿಲ್ಲ.

ಈ ಬೇಸಿಗೆಯಲ್ಲಿ ನಮ್ಮ ಅವ್ವನಿಗೆ ಹರ್ನಿಯಾ ಆಪರೇಷನ್ ಆಯಿತು. ಆಸ್ಪತ್ರೆಯ ಹೆಸರು ಬೇಡ. ರಾತ್ರಿ ಹತ್ತರ ಮೇಲೆ ಊಟ, ನೀರು ಎರಡೂ ಬಂದ್ ಎಂದರು. ಅವ್ವನ ಪಾಳಿ ಬಂದದ್ದು ಮರುದಿನ ಮಧ್ಯಾಹ್ನ ಎರಡಕ್ಕೆ. ಮೇ ತಿಂಗಳ ಬಿಸಿಲು, ತಗಡಿನ ಹಾಗೆ ಕಾದ ವಾರ್ಡು. "ತಮ್ಮಾ, ಬಾಯಿ ಮುಕ್ಕಳಸಾಕರೆ ಒಂದೀಟ ನೀರ ಕೊಡೋ" ಎಂದು ಅಂಗಲಾಚಿದರೆ, "ಅವ್ವಾರ, ಕುಡದ್ರ ಆಪರೇಷನ್ ಕ್ಯಾನ್ಸಲ್ ಆಗ್ತದ ನೋಡ್ರಿ" ಎಂಬ ಬೆದರಿಕೆ. ನೀರೇ ಇಲ್ಲವೆಂದ ಮೇಲೆ ಮುಂಜಾನೆಯ ಬಿ.ಪಿ. ಗುಳಿಗೆಯೂ ತಪ್ಪಿತು. ಎರಡು ಗುಟುಕು ನೀರಿನಲ್ಲಿ ಗುಳಿಗೆ ನುಂಗಬಹುದು ಎಂದು ಹೇಳುವವರು ಅಲ್ಲಿ ಒಬ್ಬರೂ ಇರಲಿಲ್ಲ. ಕೊನೆಗೆ ಸಲೈನ್ ಹಚ್ಚಲು ನರ ಸಿಗಲಿಲ್ಲ. ಎರಡೂ ಕೈಗೆ ಚುಚ್ಚಿ, ಸಿಗದೆ, ಪಾದದ ಮೇಲಿನ ನರ ಹಿಡಿದರು. ಹದಿನಾರು ತಾಸು ಒಣಗಿದ ಮೈಯಲ್ಲಿ ನರ ಹೇಗೆ ಎದ್ದು ಕಾಣಬೇಕು?

ಇದು ವೈದ್ಯಶಾಸ್ತ್ರ ಹೇಳಿದ ಕಟ್ಟಳೆಯಾಗಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಭಾರತೀಯ ಅರಿವಳಿಕೆ ತಜ್ಞರ ಸಂಘವೇ 2020ರಲ್ಲಿ ಮಾರ್ಗಸೂಚಿ ಪ್ರಕಟಿಸಿದೆ. ಆಪರೇಷನ್‌ಗೆ ಎಷ್ಟು ಮುಂಚೆ ನಿಲ್ಲಿಸಬೇಕೆಂದರೆ, ಹಗುರ ಊಟಕ್ಕೆ ಆರು ತಾಸು, ಎಣ್ಣೆ ಜಿಡ್ಡಿನ ಊಟಕ್ಕೆ ಎಂಟು, ಕೂಸಿಗೆ ಎದೆಹಾಲಾದರೆ ನಾಲ್ಕು. ನೀರಿಗೆ ಎರಡೇ ತಾಸು. ನೀರಷ್ಟೇ ಅಲ್ಲ, ಎಳನೀರು, ಚೆನ್ನಾಗಿ ಸೋಸಿದ ಲಿಂಬಿಹಣ್ಣಿನ ಪಾನಕ, ಹಾಲು ಹಾಕದ ಚಹಾ ಇವಕ್ಕೂ ಎರಡೇ ತಾಸು. ಹಾಲು, ಮಜ್ಜಿಗೆ, ಗಂಜಿ ಮಾತ್ರ ಈ ಲೆಕ್ಕಕ್ಕೆ ಬರುವುದಿಲ್ಲ. ಅಮೆರಿಕದ ಅರಿವಳಿಕೆ ತಜ್ಞರ ಸಂಘ ನೀರಿನ ಈ ಎರಡು ತಾಸಿನ ಮಾತನ್ನು 1999ರಲ್ಲೇ ಹೇಳಿತ್ತು. ಅದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗೆ ಬರಲು ಇನ್ನೆಷ್ಟು ವರ್ಷ ಬೇಕು? ಈ ನಾಲ್ಕೂ ಕಡೆಯ ಬೀಗರು ನೆಂಟರನ್ನು ಕೇಳಿದ್ದೇನೆ. ಎಲ್ಲರ ಬಾಯಲ್ಲೂ ಅದೇ "ರಾತ್ರಿ ಹತ್ತರ ಮ್ಯಾಲ ನೀರಿಲ್ಲ".

ಅರಿವಳಿಕೆಯಲ್ಲಿ ಎಚ್ಚರ ತಪ್ಪಿದಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದೀತು ಎಂಬ ಭಯ ನಿಜವೇ. ನ್ಯೂಯಾರ್ಕಿನ ಡಾ. ಮೆಂಡೆಲ್‌ಸನ್ 1946ರಲ್ಲಿ 44,016 ಹೆರಿಗೆಗಳ ದಾಖಲೆ ತೆಗೆದು ಇಂಥ 66 ಪ್ರಕರಣ ತೋರಿಸಿದರು. ಆದರೆ ಅವರಲ್ಲಿ ಸತ್ತ ಇಬ್ಬರೂ ಗಟ್ಟಿ ಆಹಾರ ಉಸಿರುನಾಳಕ್ಕೆ ಸಿಕ್ಕಿ ಸತ್ತವರು. ಕುಡಿದ ನೀರು ಹೊಟ್ಟೆಯಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ರೊಟ್ಟಿಗೂ ನೀರಿಗೂ ಒಂದೇ ಕಾಯಿದೆ ಮಾಡಿದ್ದು ನಮ್ಮ ಅನುಕೂಲಕ್ಕಲ್ಲ, ಆಸ್ಪತ್ರೆಯವರ ಅನುಕೂಲಕ್ಕೆ. ಕರುಳು ಕಟ್ಟಿದವರು, ತುರ್ತಾಗಿ ಬಂದವರು ಇವರ ಮಾತು ಬೇರೆ, ಅಲ್ಲಿ ವೈದ್ಯರು ಹೇಳಿದ್ದೇ ಕೊನೆ. ಒಂದು ವಾರ ಮೊದಲೇ ದಿನ ಗೊತ್ತು ಮಾಡಿಕೊಂಡು ಬಂದ ರೋಗಿಗೂ ಈ ಶಿಕ್ಷೆ ಏಕೆ? ಮೊದಲ ಪಾಳಿಯವರಿಗೂ ಕೊನೆಯ ಪಾಳಿಯವರಿಗೂ ರಾತ್ರಿ ಹತ್ತರಿಂದಲೇ ಉಪವಾಸ ಏಕೆ? ಅರಿವಳಿಕೆ ವೈದ್ಯರು ವಿಜಯಪುರದಿಂದ ಹೊರಡುವ ಮುನ್ನ ಒಂದು ಫೋನ್ ಮಾಡಿದರೆ ಯಾರಿಗೆ ಎಷ್ಟೊತ್ತಿನವರೆಗೆ ನೀರು ಕೊಡಬಹುದು ಎಂದು ಸಿಸ್ಟರ್‌ಗಳಿಗೆ ತಿಳಿಯುತ್ತದೆ. ಇದಕ್ಕೆ ಹೊಸ ಯಂತ್ರ ಬೇಕಿಲ್ಲ, ಸರ್ಕಾರದ ಅನುದಾನವೂ ಬೇಕಿಲ್ಲ.

ಆಪರೇಷನ್ ಮುಗಿದ ಮೇಲಾದರೂ ನೀರು ಸಿಕ್ಕಿತೇ ಎಂದರೆ ಅದೂ ಇಲ್ಲ. ಅವ್ವ ಪೂರ್ತಿ ಎಚ್ಚರಾಗಿ, ಮಾತಾಡುತ್ತ, ವಾಂತಿ ಏನೂ ಇಲ್ಲದೆ ಮಲಗಿದ್ದರೂ "ನಾಳೆ ಮುಂಜಾನೆ ನೋಡೋಣ" ಎಂದರು. ಏಕೆ ಎಂದು ಕೇಳಿದರೆ ಉತ್ತರವಿಲ್ಲ. ಮರುದಿನ ಕುಡಿಯಲು ಅಪ್ಪಣೆ ಸಿಕ್ಕಾಗ ವಾರ್ಡಿನ ಶುದ್ಧ ನೀರಿನ ಯಂತ್ರ ಕೆಟ್ಟು ನಿಂತಿತ್ತು. ಹೊರಗಿನ ಅಂಗಡಿಯಿಂದ ಬಾಟಲಿ ಕೊಂಡು ತಂದು ಕುಡಿಸಿದೆವು. ಆಲಮಟ್ಟಿ ಅಣೆಕಟ್ಟೆ ಇರುವ ಜಿಲ್ಲೆ ನಮ್ಮದು, ಕೃಷ್ಣೆ, ಭೀಮೆ ಹರಿಯುವ ಜಿಲ್ಲೆ. ಭೌಗೋಳಿಕ ಸೂಚಕ (ಜಿ.ಐ.) ಮಾನ್ಯತೆ ಪಡೆದ ಲಿಂಬೆ ಬೆಳೆಯುವ ಇಂಡಿ ನಮ್ಮದು. ಇಂಥ ನೆಲದ ರೋಗಿಗೆ ಒಂದು ಲೋಟ ಪಾನಕ ಕುಡಿಯುವ ಹಕ್ಕಿಲ್ಲ ಎಂದರೆ ಹೊಟ್ಟೆ ಉರಿಯುತ್ತದೆ. ದುಡಿದು ತಿನ್ನುವ ಜನ ದೊಡ್ಡ ಊರಿನ ಆಸ್ಪತ್ರೆಗೆ ಹೋಗಲಾರರು ಎಂದು ಗೊತ್ತಿದ್ದೇ ಹೀಗೆ ನಡೆಸಿಕೊಳ್ಳುತ್ತಾರೇನೋ ಎಂದು ನೋವಾಗುತ್ತದೆ.

ಜಿಲ್ಲಾ ಆರೋಗ್ಯಾಧಿಕಾರಿಗಳು ಸರ್ಕಾರಿ, ಖಾಸಗಿ ಎನ್ನದೆ ನಾಲ್ಕೂ ತಾಲ್ಲೂಕುಗಳ ಆಸ್ಪತ್ರೆಗಳಿಗೆ ಒಂದು ಸುತ್ತೋಲೆ ಕಳಿಸಲಿ. ಊಟ ಎಷ್ಟು ಗಂಟೆಗೆ ನಿಲ್ಲಿಸಬೇಕು, ನೀರು ಎಷ್ಟು ಗಂಟೆಗೆ ನಿಲ್ಲಿಸಬೇಕು ಎಂದು ದಾಖಲಾತಿ ಚೀಟಿಯ ಮೇಲೆ ಕನ್ನಡದಲ್ಲಿ ಬೇರೆ ಬೇರೆಯಾಗಿ ಬರೆದು ಕೊಡಲಿ. ಪಾಳಿ ತಡವಾದರೆ ನೀರಿನ ವೇಳೆಯನ್ನೂ ಮುಂದಕ್ಕೆ ಹಾಕಲಿ. ಓದುಗರಲ್ಲೂ ಒಂದು ವಿನಂತಿ. ನಿಮ್ಮ ಮನೆಯವರನ್ನು ಆಪರೇಷನ್‌ಗೆ ಸೇರಿಸುವಾಗ "ನೀರು ಎಷ್ಟು ಗಂಟೆಯವರೆಗೆ ಕೊಡಬಹುದು?" ಎಂದು ಅರಿವಳಿಕೆ ವೈದ್ಯರನ್ನೇ ಕೇಳಿ, ಉತ್ತರ ಬರುವವರೆಗೆ ಬಿಡಬೇಡಿ.

ಇಂತಿ,
ನಿಮ್ಮ ಓದುಗ,
ವಿಜಯಪುರ ಜಿಲ್ಲೆ