ವರ್ತಕರ ಮೇಜಿಗೆ ಎರಡನೆಯ ಪರದೆ

ಗಿಲ್ಲೆಸುಗೂರು ಭಾಗದ ಭತ್ತ, ಹತ್ತಿಯ ವ್ಯವಹಾರವು ರಾಯಚೂರು ಮಾರುಕಟ್ಟೆಯೊಡನೆ ಬೆಸೆದುಕೊಂಡಿದೆ. 2014ರಲ್ಲಿ ಆರಂಭವಾದ ರಾಜ್ಯದ ಏಕೀಕೃತ ಮಾರುಕಟ್ಟೆ ವೇದಿಕೆ ಆನ್‌ಲೈನ್ ಟೆಂಡರನ್ನು ತಂದಿತು. 2017ರ ಜುಲೈನಿಂದ ಜಿಎಸ್‌ಟಿ ಲೆಕ್ಕವೂ ಕಂಪ್ಯೂಟರಿಗೇರಿತು. ಒಂದೇ ಪರದೆಯಲ್ಲಿ ಧಾರಣೆಯನ್ನೂ ಲೆಕ್ಕವನ್ನೂ ಅದಲುಬದಲು ಮಾಡುವಾಗ ಒಂದಂಕಿ ತಪ್ಪಿದರೂ ನಷ್ಟ ವರ್ತಕನದೇ.

ಇದಕ್ಕಾಗಿ ಹೊಸ ಕಂಪ್ಯೂಟರ್ ಕೊಳ್ಳಬೇಕಾಗಿಲ್ಲ. ಬಹು ಮಾನಿಟರ್ ಸೌಲಭ್ಯವು 1998ರ ವಿಂಡೋಸ್ 98ರಿಂದಲೇ ಇದೆ. ಯಂತ್ರದ ಹಿಂಬದಿಯಲ್ಲಿ ವಿಜಿಎ, ಎಚ್‌ಡಿಎಂಐ ಎರಡೂ ಪೋರ್ಟುಗಳಿದ್ದರೆ ಸಾಮಾನ್ಯವಾಗಿ ಇನ್ನೊಂದು ಮಾನಿಟರ್ ಸಾಕು. ಒಂದೇ ಇದ್ದರೆ ಎರಡು ಪೋರ್ಟುಗಳ ಸಾಧಾರಣ ಡಿಸ್‌ಪ್ಲೇ ಕಾರ್ಡ್ ಸಾಕು. ಆಟಗಳಿಗೆಂದು ತಯಾರಾದ ದುಬಾರಿ ಕಾರ್ಡ್ ಅನವಶ್ಯಕ. ಕಾರ್ಡ್ ಅಳವಡಿಸಿದೊಡನೆ ಹಲವು ಯಂತ್ರಗಳಲ್ಲಿ ಮದರ್‌ಬೋರ್ಡಿನ ಪೋರ್ಟು ಸ್ಥಗಿತಗೊಳ್ಳುವುದರಿಂದ ಎರಡೂ ಕೇಬಲ್‌ಗಳನ್ನು ಕಾರ್ಡಿಗೇ ಜೋಡಿಸತಕ್ಕದ್ದು.

ಅಂಗಡಿಗೆ ಹೋಗುವ ಮುನ್ನ ಯಂತ್ರದ ಬೆನ್ನು ನೋಡುವುದೇ ಮಿತವ್ಯಯದ ಮೊದಲ ಹೆಜ್ಜೆ.