‘ಬಡಬಡಸಬ್ಯಾಡ’ ಅನ್ನುವ ಮೊದಲು

ನಾಗನೂರಿನಲ್ಲಿ ಯಾರ ಮಾತು ಹಿಡಿಸದಿದ್ದರೂ ‘ಬಡಬಡಸಬ್ಯಾಡ’ ಅನ್ನುತ್ತೇವೆ. ಮನೆಯಲ್ಲಿ ಉರ್ದು ಆಡುವ ನಮಗೆ ‘ಬಕವಾಸ್’ ಕೂಡ ಬಾಯಲ್ಲೇ ಇರುತ್ತದೆ. ಅರ್ಥವಿಲ್ಲದ ಮಾತಿಗೆ ನಮ್ಮಲ್ಲಿ ಪದಗಳು ಬಹಳ. ಆದರೆ ಅವೆಲ್ಲ ಒಂದೇ ಅಲ್ಲ.

ಕಟ್ಟೆಯ ಮೇಲೆ ಕೂತು ಹೊತ್ತು ಕಳೆಯುವ ಮಾತು ‘ಹರಟೆ’. ಅದರಲ್ಲಿ ತಪ್ಪಿಲ್ಲ, ಕನ್ನಡದಲ್ಲಿ ಲಘು ಪ್ರಬಂಧಗಳಿಗೂ ಹರಟೆ ಎಂದೇ ಹೆಸರಿದೆ. ಇಲ್ಲದ್ದನ್ನು ಇದೆ ಎನ್ನುವುದು ‘ಬುರುಡೆ’. ಒಂದಕ್ಕೊಂದು ಸಂಬಂಧವಿಲ್ಲದ ಮಾತು ‘ಅಸಂಬದ್ಧ’. ಜ್ವರ ಬಂದವರು ಬಡಬಡಿಸಿದರೆ ಬೈಯದೆ ಹಣೆಗೆ ತಣ್ಣೀರ ಬಟ್ಟೆ ಇಡುತ್ತೇವೆ. ಕೂಸಿನ ‘ತೊದಲು’ ಕೇಳಿದರೆ ಎತ್ತಿ ಮುದ್ದಾಡುತ್ತೇವೆ. ನಾ. ಕಸ್ತೂರಿಯವರಂತೂ ಪದಗಳಿಗೆ ತಮಾಷೆಯ ಅರ್ಥ ಕೊಟ್ಟು ‘ಅನರ್ಥಕೋಶ’ವನ್ನೇ ಬರೆದರು.

ಇಷ್ಟು ಪದಗಳಿದ್ದರೂ ನಾನು ಒಮ್ಮೆ ತಪ್ಪಾದ ಪದ ಬಳಸಿದೆ. ಪ್ರಥಮ ಪಿಯುಸಿಯ ಮೊದಲ ತಿಂಗಳು. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಗೆಳೆಯನೊಬ್ಬ ರಸಾಯನಶಾಸ್ತ್ರದ ತರಗತಿಯಲ್ಲಿ ಎದ್ದುನಿಂತು, ‘ಸರ್, ಮೋಲ್ ಅಂದ್ರ ತೂಕಾನೋ, ಎಣಿಕೀನೋ?’ ಎಂದ. ನಾನು ಹಿಂದಿನ ಬೆಂಚಿನಿಂದ ‘ಬಕವಾಸ್!’ ಅಂದೆ. ಎಲ್ಲರೂ ನಕ್ಕರು. ಆ ಗದ್ದಲದಲ್ಲಿ ಅವನು ಕೂತುಬಿಟ್ಟ.

ಕಿರುಪರೀಕ್ಷೆಯಲ್ಲಿ ನಾನು ಸಿಕ್ಕಿಕೊಂಡದ್ದು ಅದೇ ಮೋಲ್‌ನಲ್ಲಿ. ಸ್ಟಾಫ್ ರೂಮಿಗೆ ಹೋಗಿ ಕೇಳಿದೆ. ಸರ್ ಹೇಳಿದರು: ‘ಮೋಲ್ ಅಂದ್ರ ಎಣಿಕಿ. ಡಜನ್ ಅಂದ್ರ 12 ಇದ್ದಂಗ, ಒಂದು ಮೋಲ್ ಅಂದ್ರ 6.022×10²³ ಕಣ. ಬಾಳೆಹಣ್ಣಿನ ಡಜನ್ ತೂಕಾನ ಬ್ಯಾರೆ, ನಿಂಬೆಹಣ್ಣಿನ ಡಜನ್ ತೂಕಾನ ಬ್ಯಾರೆ. ಹಂಗ ಇಂಗಾಲದ ಒಂದು ಮೋಲ್ 12 ಗ್ರಾಂ, ನೀರಿನ ಒಂದು ಮೋಲ್ 18 ಗ್ರಾಂ.’ ಆಮೇಲೆ, ‘ಅವತ್ತ ಕ್ಲಾಸಿನ್ಯಾಗ ಯಾಕ ಕೇಳಲಿಲ್ಲಪಾ?’ ಅಂದರು. ನನ್ನಲ್ಲಿ ಉತ್ತರ ಇರಲಿಲ್ಲ. ಕೇಳಿದವನ ಬಾಯಿ ಮುಚ್ಚಿಸಿದ್ದು ನಾನೇ.

ಗೆಳೆಯನ ಹತ್ತಿರ ಹೋಗಿ ಮಾಫಿ ಕೇಳಿದೆ. ‘ಇರ್ಲಿ ಬಿಡೋ’ ಅಂದ. ಆದರೆ ಆ ವರ್ಷ ಅವನು ತರಗತಿಯಲ್ಲಿ ಮತ್ತೆ ಎದ್ದುನಿಲ್ಲಲಿಲ್ಲ.

ನನ್ನ ಅಭಿಪ್ರಾಯ ಇಷ್ಟೇ. ಒಂದು ಮಾತು ನಮಗೆ ತಿಳಿಯಲಿಲ್ಲ ಅಂದ ಮಾತ್ರಕ್ಕೆ ಅದಕ್ಕೆ ಅರ್ಥವಿಲ್ಲ ಎಂದಾಗುವುದಿಲ್ಲ. ಕನ್ನಡ, ಉರ್ದು, ಇಂಗ್ಲಿಷ್ ಕಲಸಿ ಕೇಳಿದರೂ ಪ್ರಶ್ನೆ ಪ್ರಶ್ನೆಯೇ. ಈ ವರ್ಷ ಹೊಸದಾಗಿ ಬಂದ ತಮ್ಮ-ತಂಗಿಯರು ತರಗತಿಯಲ್ಲಿ ತಡವರಿಸಿದರೆ ನಗಬೇಡಿ. ‘ಬಡಬಡಸಬ್ಯಾಡ’ ಎನ್ನುವ ಬದಲು ‘ಇನ್ನೊಮ್ಮೆ ಹೇಳು’ ಅನ್ನೋಣ.

– ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗದ ವಿದ್ಯಾರ್ಥಿ