ಎದುರಾಳಿಯ ದೌರ್ಬಲ್ಯ ಆಳುವವರ ಬಂಡವಾಳವಾಗದಿರಲಿ

ಚುನಾವಣೆಯಲ್ಲಿ ಮರಳಿ ಗೆದ್ದ ಪ್ರತಿಯೊಬ್ಬ ಆಡಳಿತಗಾರನೂ ಆಡುವ ಮಾತು ಒಂದೇ: ಜನರು ನಮ್ಮ ಸಾಧನೆಗೆ ಮುದ್ರೆಯೊತ್ತಿದರು. ಇದನ್ನು ಪರಿಶೀಲಿಸದೆ ನಾವು ಒಪ್ಪಬಾರದು. ಪುನರಾಯ್ಕೆಯನ್ನು ನಿರ್ಧರಿಸುವುದು ಮುಖ್ಯವಾಗಿ ಎರಡು ಸಂಗತಿಗಳು: ಜನರ ಮನೆಯ ಆದಾಯ ವೆಚ್ಚ ಮತ್ತು ಎದುರು ನಿಂತವನ ಯೋಗ್ಯತೆ.

ಅಮೆರಿಕದ ಅಧ್ಯಕ್ಷ ಹಿರಿಯ ಜಾರ್ಜ್ ಬುಷ್ 1991ರ ಕೊಲ್ಲಿ ಯುದ್ಧದ ಬಳಿಕ ಜನಪ್ರಿಯತೆಯ ಶಿಖರದಲ್ಲಿದ್ದರು. ಅವರೆದುರು ಗೆಲ್ಲಲಾಗದೆಂಬ ಮಾತು ಎಷ್ಟು ಬಲವಾಗಿತ್ತೆಂದರೆ, ಡೆಮಾಕ್ರಟಿಕ್ ಪಕ್ಷದ ಹಲವು ಘಟಾನುಘಟಿಗಳು ಕಣಕ್ಕೇ ಇಳಿಯಲಿಲ್ಲ. ಆದರೆ ಬಾಗ್ದಾದಿನ ಮೇಲೆ ಸುರಿದ ಬಾಂಬುಗಳು ಕೆಲಸ ಕಳಕೊಂಡ ಅಮೆರಿಕನ್ನನಿಗೆ ಅನ್ನ ನೀಡಲಿಲ್ಲ. 1992ರಲ್ಲಿ ಅರ್ಕನ್ಸಾ ಎಂಬ ಸಣ್ಣ ರಾಜ್ಯದ ಗವರ್ನರ್ ಬಿಲ್ ಕ್ಲಿಂಟನ್ ಗೆದ್ದರು.

ನಮ್ಮ ರಾಜ್ಯದ ಅನುಭವವೂ ಇದಕ್ಕಿಂತ ಭಿನ್ನವಲ್ಲ. 1984ರ ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ ಜನತಾ ಪಕ್ಷಕ್ಕೆ ಇಲ್ಲಿನ 28 ಸ್ಥಾನಗಳಲ್ಲಿ ದಕ್ಕಿದ್ದು 4 ಮಾತ್ರ. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ನೀಡಿ ಹೊಸ ಜನಾದೇಶ ಕೋರಿದರು. 1985ರ ಮಾರ್ಚಿನಲ್ಲಿ ಅದೇ ಪಕ್ಷ ವಿಧಾನಸಭೆಯ 224ರಲ್ಲಿ 139 ಸ್ಥಾನ ಗೆದ್ದಿತು. ಮೂರು ತಿಂಗಳಲ್ಲಿ ಜನರ ಬದುಕೇನೂ ಬದಲಾಗಿರಲಿಲ್ಲ. ಬದಲಾದದ್ದು ಎದುರಾಳಿ. ಹೆಗಡೆಯವರಿಗೆ ಸರಿಸಾಟಿಯಾದ ನಾಯಕ ರಾಜ್ಯ ಕಾಂಗ್ರೆಸ್ಸಿನಲ್ಲಿರಲಿಲ್ಲ. ಆ ಬಳಿಕ 2023ರ ವರೆಗೆ ಯಾವ ಆಡಳಿತ ಪಕ್ಷವೂ ಮುಂದಿನ ವಿಧಾನಸಭಾ ಚುನಾವಣೆಯಲ್ಲಿ ಬಹುಮತದೊಂದಿಗೆ ಮರಳಲಿಲ್ಲ.

ಮಂಡ್ಯ ಜಿಲ್ಲೆಯವರೇ ಆದ ಎಸ್. ಎಂ. ಕೃಷ್ಣ ಬೆಂಗಳೂರಿನ ಐಟಿ ವೈಭವವನ್ನು ಜಗತ್ತಿಗೆ ತೋರಿಸಿದರು. ಆದರೆ ಸತತ ಮೂರು ವರ್ಷಗಳ ಬರ, ಕಾವೇರಿಯ ಸಂಕಟ, ರೈತರ ಆತ್ಮಹತ್ಯೆಗಳು ಆ ವೈಭವವನ್ನು ನುಂಗಿದವು. 1999ರಲ್ಲಿ 132 ಸ್ಥಾನ ಗಳಿಸಿದ್ದ ಕಾಂಗ್ರೆಸ್ 2004ರಲ್ಲಿ 65ಕ್ಕೆ ಕುಸಿಯಿತು. ಶ್ರೀರಂಗಪಟ್ಟಣದ ಮಗ್ಗುಲಿನ ಕಿರಂಗೂರಿನ ರೈತನಿಗೆ ಅರ್ಥಶಾಸ್ತ್ರವೆಂದರೆ ಕೆ.ಆರ್.ಎಸ್.ನ ನೀರಿನ ಮಟ್ಟ, ಗೊಬ್ಬರದ ಬೆಲೆ, ಕಬ್ಬಿನ ಹಣ ಕೈಸೇರುವ ದಿನ. ಈ ಜಿಲ್ಲೆಯ ಮತದಾರ 2018ರಲ್ಲಿ ಏಳಕ್ಕೆ ಏಳೂ ಸ್ಥಾನಗಳನ್ನು ಜಾತ್ಯತೀತ ಜನತಾದಳಕ್ಕೆ ಕೊಟ್ಟ. 2023ರಲ್ಲಿ ಕೃಷ್ಣರಾಜಪೇಟೆಯೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಹಿಂದಕ್ಕೆ ಪಡೆದ. ತನ್ನ ಮತ ಯಾರ ಪಿತ್ರಾರ್ಜಿತವೂ ಅಲ್ಲವೆಂದು ಆತ ಸಾರಿದ.

ಹಾಗಾದರೆ ನಮ್ಮ ಮತ? ದಶಕಗಳಿಂದ ಅದು ಭಯದ ಮತವಾಗಿದೆ. 'ಅವರು ಬಂದರೆ ಗತಿಯೇನು' ಎಂಬ ಒಂದೇ ಪ್ರಶ್ನೆಯೊಡನೆ ನಾವು ಮತಗಟ್ಟೆಗೆ ಹೋಗುತ್ತೇವೆ. ಆ ಭಯ ನಿರಾಧಾರವೆಂದು ನಾವು ಹೇಳುವುದಿಲ್ಲ. 2023ರ ಮಾರ್ಚಿನಲ್ಲಿ ಬಿಜೆಪಿ ಸರಕಾರ 2ಬಿ ಪ್ರವರ್ಗದ ಶೇ. 4 ಮೀಸಲಾತಿಯನ್ನು ರದ್ದುಗೊಳಿಸಲು ಹೊರಟದ್ದನ್ನು ಮರೆತವರಾರು? ಆದರೆ ಆ ಭಯವನ್ನೇ ಬಂಡವಾಳವಾಗಿಸಿಕೊಂಡವರಿಗೆ ಲೆಕ್ಕ ಒಪ್ಪಿಸುವ ಅಗತ್ಯವೇ ಬೀಳುವುದಿಲ್ಲ. ಎದುರಾಳಿ ಭಯಾನಕನಾಗಿದ್ದರೂ ದುರ್ಬಲನಾಗಿದ್ದರೂ ಲಾಭ ಅವರಿಗೇ. ಗ್ಯಾರೇಜಿನಲ್ಲಿ ಯೌವನ ಸವೆಸುವ ಮಗ, ಬೀಡಿ ಕಟ್ಟುವ ತಾಯಿ, ವಿದ್ಯಾರ್ಥಿವೇತನಕ್ಕೆ ಕಾಯುವ ಮಗಳು ಅವರ ಭಾಷಣದಲ್ಲಿ ಮಾತ್ರ ಬದುಕಿರುತ್ತಾರೆ.

ಇದಕ್ಕೆ ನಾವೂ ಹೊಣೆಗಾರರಲ್ಲವೇ? ಮತ ಹಾಕಿದ ಮರುದಿನದಿಂದ ಐದು ವರ್ಷ ಮೌನವಾಗಿರುವ ಸಮುದಾಯವನ್ನು ಯಾವ ನಾಯಕ ತಾನೇ ಗೌರವಿಸಿಯಾನು? ಬೆಲೆಯೇರಿಕೆ, ನೀರು, ಉದ್ಯೋಗದ ಪ್ರಶ್ನೆಗಳು ನೆರೆಯ ರೈತನಿಗೂ ನಮಗೂ ಸಮಾನ. ಅವನೊಡನೆ ನಿಂತು ಪ್ರಶ್ನಿಸೋಣ. ಬಾಕಿ ಹಣವನ್ನು ಕಬ್ಬು ಬೆಳೆಗಾರ ಕಾರ್ಖಾನೆಯ ಬಾಗಿಲಲ್ಲಿ ನಿಂತು ಕೇಳುತ್ತಾನೆ. ನಮ್ಮ ಬಾಕಿಯನ್ನು ಕೇಳಬೇಕಾದವರು ನಾವೇ. ಕೇಳಬೇಕಾದದ್ದು ಚುನಾವಣೆಯ ಮುನ್ನಾದಿನವಲ್ಲ, ಇಂದು.